ಈನಕ್ ಕಳಿಸಿದ ಚೀಟಿ

ತಪಾಸಣೆಗೆ ಬಂದವನು ಮೊದಲು ಕುರ್ಚಿಗಳನ್ನು ಎಣಿಸಿದ. ಆಮೇಲೆ ಗೋಡೆಯ ಗಡಿಯಾರ ನೋಡಿದ. ಗೋಡೆಯ ಒಂದು ಕಡೆ ಮಾತ್ರ ಬಣ್ಣ ಮಾಸದೆ ಉಳಿದಿದ್ದನ್ನು ಕಂಡು ಅಲ್ಲಿ ಏನಿತ್ತು ಎಂದು ಕೇಳಿದ. ಪಿಯಾನೋ ಇತ್ತು, ಹೋದ ವರ್ಷವೇ ಮಾರಿದೆವು ಎಂದಳು ಮನೆಯ ಮಗಳು ಸೆಲಿನಾ. ಯಾರಿಗೆ, ಎಷ್ಟಕ್ಕೆ ಎಂದು ಕೇಳಿ ಅದನ್ನೂ ಬರೆದುಕೊಂಡ. ಬಿಸ್ಕತ್ತು ಕಾರ್ಖಾನೆಗೆ ಅರ್ಧ ದಿನ ರಜೆ ಹಾಕಿ ಬಂದಿದ್ದ ಸೆಲಿನಾ ಬಾಗಿಲಿಗೆ ಒರಗಿ ನಿಂತು ಕೇಳಿದ್ದಕ್ಕೆಲ್ಲ ಉತ್ತರ ಕೊಡುತ್ತಿದ್ದಳು. ಕೋಪ ಬರಬೇಕಾದ ಹೊತ್ತು ಅದು. ಯಾಕೋ ಬರಲಿಲ್ಲ.

ಬಂದವನ ಹೆಸರು ಲಮ್ಲಿ. ಮೊದಲು ಕಾಲ್ಡರ್‌ಶಾ ಎಂಬ ಆ ಇಂಗ್ಲಿಷ್ ಗಿರಣಿ ಊರಿನಲ್ಲೇ ಮನೆಮನೆಗೆ ಹೋಗಿ ವಿಮೆ ಮಾರುತ್ತಿದ್ದವನು. ಕೆಟ್ಟವನಲ್ಲ, ಒಳಗೆ ಬರುವ ಮುಂಚೆ ಬೂಟು ಒರೆಸಿಕೊಂಡೇ ಬಂದ. ಆದರೆ ಕಾನೂನು ಅವನ ಕೈಯಲ್ಲಿ ಕೊಟ್ಟ ಕೆಲಸ ಅಂಥದ್ದು. ಕೆಲಸ ಹೋಗಿ ಆರು ತಿಂಗಳಾದವನಿಗೆ ಸರ್ಕಾರ ಭತ್ಯೆ ಮುಂದುವರಿಸಬೇಕಾದರೆ ಆ ಮನೆಯಲ್ಲಿ ಯಾರು ಎಷ್ಟು ದುಡಿಯುತ್ತಾರೆ, ಮಾರಬಹುದಾದದ್ದು ಏನಿದೆ ಎಂದು ಮೊದಲು ನೋಡಬೇಕು. ದುಡಿಯುವ ಮಗಳಿದ್ದರೆ ಅಪ್ಪನನ್ನು ಅವಳೇ ಸಾಕಲಿ ಎಂದು ಲೆಕ್ಕ. ಇದಕ್ಕೆ ಮೀನ್ಸ್ ಟೆಸ್ಟ್ ಎಂದು ಹೆಸರು. ಒಂದು ವರ್ಷದ ಕೆಳಗೆ ಆ ಬೀದಿಯಲ್ಲಿ ಯಾರ ಬಾಯಲ್ಲೂ ಇಲ್ಲದ ಮಾತು. ಈಗ, 1932ರ ಫೆಬ್ರವರಿಯಲ್ಲಿ, ನಾಲ್ಕು ವರ್ಷದ ಮಕ್ಕಳು ಅದನ್ನೇ ಆಟ ಮಾಡಿಕೊಂಡಿದ್ದವು. ಒಬ್ಬ ತಪಾಸಣೆಯವನಾದರೆ ಉಳಿದವರು ಕುರ್ಚಿ ಬಚ್ಚಿಡಬೇಕು.

ಲಮ್ಲಿ ಬಗ್ಗಿ ಮಂಚದ ಕೆಳಗೆ ನೋಡಿದ. ಅಲ್ಲಿ ಬೂಟಿನ ಹನ್ನೊಂದು ರಟ್ಟಿನ ಪೆಟ್ಟಿಗೆಗಳಿದ್ದವು. ಒಂದನ್ನು ಎಳೆದು ಮುಚ್ಚಳ ತೆಗೆದರೆ ಒಳಗೆ ಒತ್ತೊತ್ತಾಗಿ ನಿಲ್ಲಿಸಿದ ಚೀಟಿಗಳು. ಇವೇನು ಎಂದು ಕೇಳಿದ್ದೇ ತಡ, ಅಲ್ಲಿಯವರೆಗೆ ಒಲೆಯ ಪಕ್ಕ ಗುಮ್ಮನೆ ಕೂತಿದ್ದ ಈನಕ್ ಆರ್ಮರಾಡ್ ಎದ್ದು ಬಂದ. ಹದಿನೈದು ವರ್ಷದಲ್ಲಿ ಯಾವ ಪುಣ್ಯಾತ್ಮನೂ ಅವನನ್ನು ಈ ಪ್ರಶ್ನೆ ಕೇಳಿರಲಿಲ್ಲ.

ಈನಕ್ ನೇಕಾರ. ಹನ್ನೆರಡನೆಯ ವಯಸ್ಸಿಗೇ ಹತ್ತಿ ಗಿರಣಿ ಸೇರಿ, ಮಗ್ಗಗಳ ಸದ್ದಿನಲ್ಲಿ ನಿಂತು ನಿಂತು ಅವನ ಕಿವಿ ಹೋಗಿತ್ತು. ಅಲ್ಲಿ ಗಂಟಲು ಹರಿದುಕೊಂಡರೂ ಕೇಳುವುದಿಲ್ಲವಾದ್ದರಿಂದ ಗಿರಣಿಯವರು ಧ್ವನಿ ಬಿಟ್ಟು ತುಟಿಗಳನ್ನಷ್ಟೇ ಅಗಲವಾಗಿ ಆಡಿಸಿ ಮಾತನಾಡುತ್ತಾರೆ. ಬೀದಿಯ ಆಚೆ ದಡದಿಂದ ಈಚೆ ದಡಕ್ಕೆ ಚಾಡಿಯನ್ನೂ ಹಾಗೆಯೇ ದಾಟಿಸುತ್ತಾರೆ. ನಡೆಯಲು ಕಲಿಯುವ ವಯಸ್ಸಿನಲ್ಲೇ ಸೆಲಿನಾ ಆ ತುಟಿಮಾತನ್ನು ಅಪ್ಪನಿಂದ ಕಲಿತಿದ್ದಳು; ಲಮ್ಲಿಯ ಪ್ರಶ್ನೆಗಳನ್ನು ಅವನಿಗೆ ದಾಟಿಸುತ್ತಿದ್ದವಳೂ ಅವಳೇ.

ಚೀಟಿಗಳ ಹುಚ್ಚು ಹಿಡಿದದ್ದು ಯುದ್ಧದ ಕಾಲದಲ್ಲಿ. ಮಗ ಎಲಿಸ್ ಫ್ರಾನ್ಸಿನಿಂದ ಬರೆಯುತ್ತಿದ್ದ ಕಾಗದಗಳಲ್ಲಿ ಈನಕ್‌ಗೆ ತಿಳಿಯದ ಪದಗಳಿರುತ್ತಿದ್ದವು. ಟ್ಯಾಂಕ್ ಅಂದರೆ ನೀರು ತುಂಬುವ ತೊಟ್ಟಿ ಎಂದಷ್ಟೇ ಗೊತ್ತಿದ್ದವನಿಗೆ, ಮಗ ಅದರ ಹಿಂದೆ ನಡೆದುಕೊಂಡು ಹೋದೆ ಎಂದು ಬರೆದರೆ ಏನು ಅರ್ಥವಾಗಬೇಕು? ಊರಿನ ಗ್ರಂಥಾಲಯದ ದೊಡ್ಡ ನಿಘಂಟಿನಲ್ಲಿ ಹುಡುಕಿದ. ಇರಲಿಲ್ಲ. ನಿಘಂಟಿನ ಕಚೇರಿಗೆ ಬರೆದ. ಅವರು ಒಂದು ಕಟ್ಟು ಖಾಲಿ ಚೀಟಿ ಕಳಿಸಿ, ಇಂಥ ಹೊಸ ಪದ ಕಂಡಾಗಲೆಲ್ಲ ಅದಿರುವ ವಾಕ್ಯವನ್ನು ತಾರೀಖಿನ ಸಮೇತ ಬರೆದು ಕಳಿಸಿ, ಮುಂದೆ ಹೊಸ ಸಂಪುಟ ತರುತ್ತೇವೆ ಎಂದರು. ಜೊತೆಗೆ ಒಂದು ಅಚ್ಚಾದ ಕಾರ್ಡು. ಪತ್ರಗಳಿಗೆ ಉತ್ತರಿಸಲು ಕಚೇರಿಗೆ ಸಮಯವಿಲ್ಲ. ಹೇಳುವುದೇನಿದ್ದರೂ ಚೀಟಿಯಲ್ಲಿ ಬರೆಯಿರಿ. ಎಡಗಡೆ ಮೇಲೆ ಪದ, ಅದರ ಕೆಳಗೆ ತಾರೀಖು, ಊರು, ಬರೆದವರ ಹೆಸರು, ಆಮೇಲೆ ವಾಕ್ಯ. ಆ ಕಾರ್ಡನ್ನು ಈನಕ್ ಒಲೆಯ ಮೇಲಿನ ಗೋಡೆಗೆ ಹೊಡೆದಿದ್ದ. ಎಲಿಸ್ ವಾಪಸ್ ಬರಲಿಲ್ಲ. ಅವನ ಕಾಗದಗಳಲ್ಲಿದ್ದ ಪದಗಳೆಲ್ಲ ಚೀಟಿಯಾಗಿ ಕಚೇರಿಗೆ ಹೋದವು, ಒಂದೊಂದರ ನಕಲು ಪೆಟ್ಟಿಗೆಯಲ್ಲಿ ಉಳಿಯಿತು.

ಯುದ್ಧ ನಿಂತರೂ ಪದಗಳು ನಿಲ್ಲಲಿಲ್ಲ. ಊರಿಗೆ ಮರಳಿ ಕೆಲಸವಿಲ್ಲದೆ ಕೂತವರಿಗೆ ಸರ್ಕಾರ ಪುಡಿಗಾಸು ಕೊಟ್ಟಾಗ ಡೋಲ್ ಎಂಬ ಹಳೆಯ ಪದಕ್ಕೆ ಹೊಸ ಜೀವ ಬಂತು. ಇಟಲಿಯಲ್ಲಿ ಕಪ್ಪಂಗಿ ತೊಟ್ಟ ಫ್ಯಾಸಿಸ್ಟರು ಎದ್ದರೆ ಆ ಪದಕ್ಕೊಂದು ಚೀಟಿ. 1929ರಲ್ಲಿ ಊರಿನ ಸಿನಿಮಾ ಮಂದಿರಕ್ಕೆ ಟಾಕಿ ಬಂತು. ಮೂಕಿ ಚಿತ್ರಗಳಿಗೆ ಅಲ್ಲಿ ಪಿಯಾನೋ ನುಡಿಸುತ್ತಿದ್ದವಳು ಸೆಲಿನಾ. ಪರದೆಯೇ ಮಾತಾಡಿ ಹಾಡುವಾಗ ಪಿಯಾನೋ ಯಾಕೆ? ಶುಕ್ರವಾರ ಅವಳ ಲೆಕ್ಕ ಚುಕ್ತಾ ಮಾಡಿ ಕಳಿಸಿದರು. ಮನೆಗೆ ಬಂದರೆ ಅಪ್ಪ ಪತ್ರಿಕೆ ಮುಂದಿಟ್ಟುಕೊಂಡು ಅದೇ ಪದ ಬರೆಯುತ್ತಿದ್ದ. ತಲೆಯೆತ್ತಿ, "ನಿನ್ನ ಪದ ಬಂತು ನೋಡೇ" ಎಂದ. ಸೆಲಿನಾ ನಕ್ಕುಬಿಟ್ಟಳು. ಆಗ ಇನ್ನೂ ನಗು ಬರುತ್ತಿತ್ತು. ಮರುವರ್ಷ ಗಿರಣಿ ಮುಚ್ಚಿ ಈನಕ್‌ನ ಕೆಲಸವೂ ಹೋಯಿತು.

ಇಷ್ಟೆಲ್ಲವನ್ನೂ ಈನಕ್ ಲಮ್ಲಿಗೆ ಅರ್ಧ ಗಂಟೆ ವಿವರಿಸಿದ. ಚೀಟಿ ಬರೆಯುವುದು ಹೇಗೆ, ವಾಕ್ಯದಲ್ಲಿ ಪದದ ಅರ್ಥಕ್ಕೆ ಬೇಡದ ಭಾಗವನ್ನು ಕತ್ತರಿಸಿ ಅಲ್ಲಿ ಮೂರು ಚುಕ್ಕೆ ಇಡುವುದು ಹೇಗೆ, ಎಲ್ಲ. ಕಚೇರಿಯಿಂದ ಬಂದ ಸ್ವೀಕೃತಿ ಕಾರ್ಡುಗಳ ಕಂತೆ ತೋರಿಸಿದ. ಲಮ್ಲಿ ತಾಳ್ಮೆಯಿಂದ ಕೇಳಿ, ಕೊನೆಗೆ ಈ ಕೆಲಸಕ್ಕೆ ಎಷ್ಟು ಕೊಡುತ್ತಾರೆ ಎಂದ. ಏನೂ ಇಲ್ಲ ಎಂದ ಈನಕ್. ಹದಿನೈದು ವರ್ಷದಿಂದಲಾ? ಹೌದು, ಹದಿನೈದು ವರ್ಷದಿಂದ.

ಲಮ್ಲಿ ಪೆನ್ಸಿಲು ಕೆಳಗಿಟ್ಟು ಸೆಲಿನಾಳ ಕಡೆ ತಿರುಗಿದ. "ನಾನು ನಂಬ್ತೀನಮ್ಮ. ಭತ್ಯೆ ತೀರ್ಮಾನ ಮಾಡೋ ಕಮಿಟಿಯವರು ನಂಬಲ್ಲ. ಪುಕ್ಕಟೆ ಯಾರು ದುಡೀತಾರೆ ಅಂತಾರೆ. ನಿಮ್ಮಪ್ಪನಿಗೆ ದುಡ್ಡು ಕೊಡಲ್ಲ ಅಂತ ಆ ಕಚೇರಿಯವರ ಕೈಲಿ ಒಂದು ಸಾಲು ಬರೆಸಿ ತರಿಸು. ಎರಡು ವಾರ ಟೈಮಿದೆ."

"ತರಿಸದೇ ಇದ್ರೆ?"

"ನಿಮ್ಮಪ್ಪನದ್ದೂ ಸಂಪಾದನೆ ಅಂತ ಹಿಡೀತಾರೆ, ನಿನ್ನ ಸಂಬಳ ಹೇಗೂ ಇದೆ. ಎರಡೂ ಸೇರಿಸಿದ್ರೆ ಅವರಿಗೆ ಏನೂ ಬರಲ್ಲ. ನೀನು ಬೇರೆ ಮನೆ ಮಾಡ್ಕೊಂಡು ಹೋದ್ರೆ ಮಾತ್ರ ಒಂಟಿ ಮನುಷ್ಯ ಅಂತ ಒಂದಿಷ್ಟು ಕೊಡ್ತಾರೆ."

ಆ ಬೀದಿಯಲ್ಲಿ ಆಗಲೇ ಮೂರು ಮನೆಗಳ ಮಕ್ಕಳು ಹಾಗೆ ಬೇರೆ ಹೋಗಿದ್ದರು. ಸೆಲಿನಾಗೆ ಮೂವತ್ತೊಂದು ವರ್ಷ. ಅಮ್ಮ ತೀರಿಕೊಂಡ ಮೇಲೆ ಅಪ್ಪನ ಊಟ ತಿಂಡಿ, ಬಟ್ಟೆ ಬರೆ, ಹೊರಗಿನವರ ಮಾತನ್ನು ತುಟಿಯಲ್ಲಿ ಅವನಿಗೆ ದಾಟಿಸುವುದು, ಎಲ್ಲ ಅವಳದೇ. ಅವಳಿಲ್ಲದಿದ್ದರೆ ಆ ಮನೆಯಲ್ಲಿ ಅಪ್ಪನ ಜೊತೆ ಮಾತಾಡುವ ಒಂದು ಜೀವವೂ ಇರುವುದಿಲ್ಲ. ಅವಳೊಬ್ಬಳ ಸಂಬಳದಲ್ಲಿ ಇಬ್ಬರ ಹೊಟ್ಟೆ ತುಂಬುವುದಿಲ್ಲ. ಒಂದು ಸಾಲು ಬಂದರೆ ಉಳಿಯಬಹುದು. ಒಂದೇ ಒಂದು ಸಾಲು ತಾನೇ, ಅದೇನು ಮಹಾ ಅಂದುಕೊಂಡಳು.

ಆ ಶನಿವಾರ ಮಧ್ಯಾಹ್ನ ಈನಕ್ ಮೇಜಿನ ಮುಂದೆ ಕೂತು ಬರೆದ. ಹದಿನೈದು ವರ್ಷ ಬೇರೆಯವರ ವಾಕ್ಯಗಳನ್ನು ಅಳೆದು ತೂಗಿದ ಕೈ, ಒಂದು ಮಾತೂ ಹೆಚ್ಚಾಗಲಿಲ್ಲ. ಮುಗಿಸಿ ಸೆಲಿನಾಗೆ ಕೊಟ್ಟ. ನೋಡಿದರೆ ಪತ್ರವಲ್ಲ, ಚೀಟಿ. ಎಡಗಡೆ ಮೇಲೆ "ಮೀನ್ಸ್ ಟೆಸ್ಟ್". ಕೆಳಗೆ "1932 ಫೆಬ್ರವರಿ 20, ಕಾಲ್ಡರ್‌ಶಾ, ಈನಕ್ ಆರ್ಮರಾಡ್". ಅದರ ಕೆಳಗೆ ಹೀಗಿತ್ತು:

"ಮೀನ್ಸ್ ಟೆಸ್ಟ್ ಬಂದ ಮೇಲೆ ಮಗಳು ಮನೆಯಲ್ಲಿರುವುದೇ ತಪ್ಪೆಂಬಂತಾಗಿದೆ; ತಾವು ನನಗೆ ಹಣ ಕೊಡುವುದಿಲ್ಲವೆಂದು ಒಂದು ಸಾಲು ಬರೆದರೆ ಅವಳು ಉಳಿಯುತ್ತಾಳೆ; ಇಲ್ಲವಾದರೆ ಅವಳು ಮನೆ ಬಿಡಬೇಕು."

ಸೆಲಿನಾ ಎರಡು ಸಲ ಓದಿದಳು. ಅಪ್ಪನ ಎದುರು ಕೂತು ತುಟಿ ಅಗಲಿಸಿ, ಇದನ್ನು ಕಾಗದದ ಹಾಗೆ ಬರಿಬಾರದಾ, ಮಾನ್ಯರೇ ಅಂತ ಶುರುಮಾಡಿ, ಎಂದಳು. ಈನಕ್ ಗೋಡೆಯ ಕಾರ್ಡಿನ ಕಡೆ ಬೆರಳು ತೋರಿಸಿದ.

"ಕಾಗದ ಹಾಕಿದ್ರೆ ಮೂಲೆಗೆ ಬೀಳುತ್ತೆ ಕಣೆ. ಅವರೇ ಹೇಳಿದಾರಲ್ಲ. ಚೀಟಿ ಹಾಗಲ್ಲ, ಅಲ್ಲಿ ಒಂದೊಂದು ಚೀಟೀನೂ ಒಬ್ಬರು ಕೈಲಿ ಹಿಡ್ಕೊಂಡು ಓದೇ ಓದ್ತಾರೆ."

ಅವನು ಹೇಳಿದ್ದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ. ಒಬ್ಬರು ಕೈಯಲ್ಲಿ ಹಿಡಿದುಕೊಂಡು ಓದಿಯೇ ಓದಿದರು.

ಅವಳೇ ಒಂದು ಕಾಗದ ಬರೆದು ಜೊತೆಗೆ ಹಾಕಬಹುದಿತ್ತಲ್ಲ ಎಂದು ನೀವು ಕೇಳುತ್ತೀರಿ. ಅವಳೂ ತನ್ನನ್ನು ಕೇಳಿಕೊಂಡಿದ್ದಾಳೆ, ಒಂದೆರಡು ಸಲವಲ್ಲ. ಅಂಚೆ ಡಬ್ಬಿಯ ಮುಂದೆ ನಿಂತಾಗಲೂ ಅದೇ ಯೋಚನೆ ಬಂದಿತ್ತು. ಆದರೆ ಅಪ್ಪನ ಬೆನ್ನ ಹಿಂದೆ ಬರೆಯುವುದೆಂದರೆ ಅವನ ಚೀಟಿಯನ್ನು ಅಲ್ಲಿ ಯಾರೂ ಮನುಷ್ಯರ ಮಾತೆಂದು ಓದುವುದಿಲ್ಲ ಎಂದು ಒಪ್ಪಿಕೊಂಡ ಹಾಗೆ. ಹನ್ನೊಂದು ಪೆಟ್ಟಿಗೆಗಳ ಮೇಲೆ ಮಲಗುವವನ ಮಗಳು ಹಾಗೆ ಮಾಡುವುದಾದರೂ ಹೇಗೆ? ಜೊತೆಗೆ ದಣಿವು. ಲಕೋಟೆಯನ್ನು ಡಬ್ಬಿಗೆ ಹಾಕಿ ಬಂದಳು.

ಹನ್ನೊಂದನೆಯ ದಿನ ಕಾರ್ಡು ಬಂತು. ಯಾವಾಗಲೂ ಬರುವಂಥದ್ದೇ, ಸ್ವೀಕರಿಸಿದ ಚೀಟಿ ಒಂದು, ವಂದನೆಗಳು ಎಂದು ಅಚ್ಚಾದದ್ದು. ಈ ಸಲ ಕೆಳಗೆ ಶಾಯಿಯಲ್ಲಿ ಯಾರೋ ಎರಡು ಸಾಲು ಬರೆದಿದ್ದರು. "ಬಹಳ ಉಪಯುಕ್ತ. ಇದೇ ಪದಕ್ಕೆ ಇನ್ನೂ ಹಿಂದಿನ ತಾರೀಖಿನದು ಸಿಕ್ಕರೆ ದಯವಿಟ್ಟು ಕಳಿಸಿ."

ಈನಕ್ ಅದನ್ನು ಬೆಳಕಿಗೆ ಹಿಡಿದು ನೋಡಿದ. ಕಚೇರಿಯವರು ಅವನಿಗೆ ಕೈಯಾರೆ ಬರೆದದ್ದು ಹದಿನೈದು ವರ್ಷದಲ್ಲಿ ಅದೇ ಮೊದಲು. ಅವನ ಮುಖ ಅರಳಿದ್ದನ್ನು ಸೆಲಿನಾ ನೋಡಿದಳು. ಆಮೇಲೆ ನಿಧಾನವಾಗಿ ಇನ್ನೊಂದು ಬದಿ ತಿರುಗಿಸಿ ಅಲ್ಲಿ ಇನ್ನೇನಾದರೂ ಇದೆಯೇ ಎಂದು ಹುಡುಕಿದ್ದನ್ನೂ ನೋಡಿದಳು. ಅಲ್ಲಿ ವಿಳಾಸ ಮಾತ್ರ ಇತ್ತು. ಪರವಾಗಿಲ್ಲ, ಇದರಲ್ಲಿ ವಂದನೆ ಬಿಟ್ಟು ದುಡ್ಡಿನ ಮಾತೇ ಇಲ್ಲವಲ್ಲ, ಇದೇ ಸಾಕ್ಷಿ ಎಂದ ಈನಕ್. ಅದನ್ನು ಕಮಿಟಿಗೆ ತೋರಿಸುವುದು ಸೆಲಿನಾಗೆ ಒಳಗೊಳಗೇ ಬೇಡವೆನಿಸಿತು.

ಕಮಿಟಿಯಲ್ಲಿ ನಾಲ್ವರಿದ್ದರು. ಮೂವರು ಗಂಡಸರು, ಟೋಪಿ ಹಾಕಿದ ಒಬ್ಬ ಹೆಂಗಸು. ಈನಕ್ ಹೊಳೆಯುವ ಹಾಗೆ ಬೂಟು ಉಜ್ಜಿಕೊಂಡು, ಕಾಲರು ಹಾಕಿಕೊಂಡು ಹೋಗಿದ್ದ. ಕಿವಿ ಕೇಳದವನೆಂದು ಸೆಲಿನಾಳನ್ನು ಪಕ್ಕದಲ್ಲಿ ನಿಲ್ಲಲು ಬಿಟ್ಟರು. ಅವರು ಹೇಳಿದ್ದನ್ನು ತುಟಿಯಲ್ಲಿ ಅವನಿಗೆ ತಿಳಿಸುವುದು ಅವಳ ಕೆಲಸ. ಅಧ್ಯಕ್ಷ ಕಾರ್ಡನ್ನು ಓದಿ ಪಕ್ಕದವನಿಗೆ ಕೊಟ್ಟ, ಅವನು ಹೆಂಗಸಿಗೆ ಕೊಟ್ಟ.

"ಉಪಯುಕ್ತ, ಇನ್ನಷ್ಟು ಕಳಿಸಿ ಅಂತಿದೆ," ಎಂದ ಅಧ್ಯಕ್ಷ. "ಇದು ಕೆಲಸ ಹೇಳಿದ ಹಾಗಲ್ವಾ, ಆರ್ಮರಾಡ್?"

ಸೆಲಿನಾ ಅದನ್ನು ತುಟಿಯಲ್ಲಿ ದಾಟಿಸಿದಳು. ಕೆಲಸವೇ, ಆದರೆ ದುಡ್ಡಿಲ್ಲ ಎಂದ ಈನಕ್. ದುಡ್ಡಿಲ್ಲವೆಂದು ಇದರಲ್ಲಿ ಎಲ್ಲಿದೆ ಎಂದು ಕೇಳಿದರು. ಬರೆದು ಕೇಳಿದ್ದೆನಲ್ಲ, ಕಚೇರಿಯವರು ಮರೆತಿರಬೇಕು ಎಂದ. ಹೆಂಗಸು ಕನ್ನಡಕ ಸರಿಮಾಡಿಕೊಂಡಳು. ನಾಲ್ವರೂ ತಲೆ ಹತ್ತಿರ ತಂದು ಒಂದು ನಿಮಿಷ ಮಾತಾಡಿಕೊಂಡರು. ಆಮೇಲೆ ಅಧ್ಯಕ್ಷ ಸೆಲಿನಾಳನ್ನು ನೋಡಿಕೊಂಡೇ ತೀರ್ಮಾನ ಹೇಳಿದ. ಮಗಳು ಮನೆಯಲ್ಲಿರುವ ತನಕ ಇವರಿಗೆ ಏನೂ ಸಲ್ಲುವುದಿಲ್ಲ. ಅವಳು ಬೇರೆ ಹೋದರೆ ಮತ್ತೆ ಅರ್ಜಿ ಹಾಕಬಹುದು.

ಈನಕ್ ಮಗಳ ಮುಖ ನೋಡುತ್ತ ಕಾದ. ಸೆಲಿನಾ ಅವನ ಕಡೆ ತಿರುಗಿ, ಗಿರಣಿಯವರ ಹಾಗೆ ತುಟಿ ಅಗಲಿಸಿ, ಸದ್ದಿಲ್ಲದೆ ಹೇಳಿದಳು. ನಾನು ಮನೆ ಬಿಡಬೇಕಂತೆ. ಅವನು ಇನ್ನೊಮ್ಮೆ ಹೇಳು ಎಂಬಂತೆ ಹುಬ್ಬೇರಿಸಿದ. ಅವಳು ಇನ್ನೊಮ್ಮೆ ಹೇಳಿದಳು. ಆ ಕೋಣೆಯಲ್ಲಿದ್ದ ಉಳಿದವರಿಗೆ ಏನೂ ಕೇಳಲಿಲ್ಲ. ಅಧ್ಯಕ್ಷ ಮುಂದಿನವನ ಹೆಸರು ಕರೆದ.

ಮರುವಾರವೇ ಸೆಲಿನಾ ಗುಡ್ಡದ ಮೇಲಿನ ಬೀದಿಯಲ್ಲಿ ಮಿಸೆಸ್ ಹಾಲ್ರಾಯ್ಡ್ ಎಂಬ ವಿಧವೆಯ ಮನೆಯಲ್ಲಿ ಒಂದು ಮಂಚ ಬಾಡಿಗೆಗೆ ಹಿಡಿದಳು. ಹೋಗುವಾಗ ಅತ್ತಳೇ ಎಂದರೆ ಇಲ್ಲ. ಬಟ್ಟೆ ಮಡಿಸಿ ಪೆಟ್ಟಿಗೆಗೆ ತುಂಬುವಾಗ ಯಾರದೋ ಬಟ್ಟೆ ಮಡಿಸಿದ ಹಾಗಿತ್ತು. ಅಪ್ಪನ ಮನೆಗೆ ಬಂದು ಹೋಗಬಹುದು, ಆದರೆ ಉಂಡರೆ, ಉಳಿದರೆ ಯಾರಾದರೂ ಕಮಿಟಿಗೆ ಹೆಸರಿಲ್ಲದ ಕಾಗದ ಹಾಕುತ್ತಾರೆ. ಹಾಕುವವರು ಆ ಬೀದಿಯಲ್ಲೇ ಇದ್ದರು. ಅದಕ್ಕೇ ಇಬ್ಬರೂ ಸಂಜೆ ಹೊತ್ತು ಗ್ರಂಥಾಲಯದ ಓದುವ ಕೋಣೆಯಲ್ಲಿ ಸೇರತೊಡಗಿದರು. ಅಲ್ಲಿ ಬೆಚ್ಚಗಿರುತ್ತಿತ್ತು. ಸದ್ದು ಮಾಡಕೂಡದೆಂಬ ಫಲಕದ ಕೆಳಗೇ ಎದುರುಬದುರು ಕೂತು ತುಟಿಯಲ್ಲಿ ಮಾತಾಡುತ್ತಿದ್ದರು, ಗ್ರಂಥಪಾಲಕ ಕ್ಲೆಗ್ ಒಂದು ದಿನವೂ ಗದರಲಿಲ್ಲ. ಏನು ಉಂಡೆ, ಸ್ವೆಟರು ಯಾಕೆ ಹಾಕಿಲ್ಲ, ಕೆಮ್ಮು ಹೇಗಿದೆ, ಇಷ್ಟೇ ಮಾತು. ಎದ್ದು ಹೋಗುವಾಗ ಸೆಲಿನಾ ಕಾರ್ಖಾನೆಯಲ್ಲಿ ಕೊಟ್ಟ ಮುರುಕು ಬಿಸ್ಕತ್ತಿನ ಪೊಟ್ಟಣವನ್ನು ಅಪ್ಪನ ಕೋಟಿನ ಜೇಬಿಗೆ ತುರುಕುತ್ತಿದ್ದಳು.

ಈನಕ್ ಚೀಟಿ ಬರೆಯುವುದನ್ನು ಬಿಟ್ಟನೆಂದುಕೊಂಡಿರಾ? ಎಲ್ಲಿಯ ಮಾತು. ಹಿಂದಿನ ತಾರೀಖಿನದು ಕೇಳಿದ್ದರಲ್ಲ, ಆ ವರ್ಷವೆಲ್ಲ ಹಳೆಯ ಪತ್ರಿಕೆಗಳ ಕಟ್ಟುಗಳನ್ನು ತಿರುವಿ ಹಾಕಿ ಒಂದು ವರ್ಷ ಹಿಂದಿನದೊಂದನ್ನು ಹುಡುಕಿ ಕಳಿಸಿಯೇ ಕಳಿಸಿದ. ಅದಕ್ಕೂ ಕಾರ್ಡು ಬಂತು. ಸೆಲಿನಾಗೆ ಒಂದೊಂದು ಸಲ ಆ ಚೀಟಿ ಪೆಟ್ಟಿಗೆಗಳನ್ನು ಎತ್ತಿ ಒಲೆಗೆ ಹಾಕಬೇಕೆನಿಸುತ್ತಿತ್ತು. ಅದೂ ಒಂದು ಕ್ಷಣ, ಆಮೇಲೆ ಅದೂ ಇಲ್ಲ.

ಎರಡು ವರ್ಷ ಎಂಟು ತಿಂಗಳಾದ ಮೇಲೆ, 1934ರ ಅಕ್ಟೋಬರಿನಲ್ಲಿ, ನಿಘಂಟಿನ ಹೊಸ ಸಂಪುಟ ಊರಿನ ಗ್ರಂಥಾಲಯಕ್ಕೆ ಬಂತು. ಸೆಲಿನಾ ಕೆಲಸ ಮುಗಿಸಿ ಬರುವಷ್ಟರಲ್ಲಿ ಕ್ಲೆಗ್ ಅದನ್ನು ಮೇಜಿನ ಮೇಲೆ ತೆರೆದಿಟ್ಟುಕೊಂಡು ಕಾಯುತ್ತಿದ್ದ. ನಿಮ್ಮ ತಂದೆಯವರ ಮಾತು ಅಚ್ಚಾಗಿದೆ ಎಂದು ಖುಷಿಯಿಂದ ತೋರಿಸಿದ. ಸೆಲಿನಾ ಬಗ್ಗಿ ಓದಿದಳು. ಮೀನ್ಸ್ ಟೆಸ್ಟ್. ಅರ್ಥ, ಒಂದೂವರೆ ಸಾಲು. ಕೆಳಗೆ ಹಳೆಯ ಪತ್ರಿಕೆಯ ವಾಕ್ಯ. ಅದರ ಕೆಳಗೆ, ಸಣ್ಣ ಅಕ್ಷರದಲ್ಲಿ:

"1932 ಫೆಬ್ರವರಿ 20, ಕಾಲ್ಡರ್‌ಶಾ, ಈ. ಆರ್ಮರಾಡ್: ಮೀನ್ಸ್ ಟೆಸ್ಟ್ ಬಂದ ಮೇಲೆ ಮಗಳು ಮನೆಯಲ್ಲಿರುವುದೇ ತಪ್ಪೆಂಬಂತಾಗಿದೆ … ಅವಳು ಮನೆ ಬಿಡಬೇಕು."

ಸೆಲಿನಾ ಆ ಮೂರು ಚುಕ್ಕೆಗಳನ್ನು ನೋಡಿದಳು. ಒಂದು ಸಾಲು ಬರೆದರೆ ಉಳಿಯುತ್ತಾಳೆ ಎಂದು ಅಪ್ಪ ಕೇಳಿಕೊಂಡಿದ್ದ ಮಾತು ಇದ್ದದ್ದು ಅಲ್ಲಿ. ಯಾರೋ ಅದನ್ನು ಓದಿದ್ದರು. ಓದಿ, ಯೋಚಿಸಿ, ಅಳೆದು, ಅಷ್ಟನ್ನೇ ತೆಗೆದಿದ್ದರು. ಎದೆಯಲ್ಲಿ ಏನೋ ಎದ್ದು ಬರುತ್ತದೆಂದು ಮೇಜು ಹಿಡಿದು ನಿಂತಳು. ಬರಲಿಲ್ಲ.

ಈನಕ್ ಬಂದಾಗ ಅವಳು ಪುಸ್ತಕ ಮುಚ್ಚಬೇಕೆಂದಿದ್ದಳು, ಆದರೆ ಕ್ಲೆಗ್ ಆಗಲೇ ಅವನ ಕೈ ಹಿಡಿದು ಕರೆತಂದು ಕೂರಿಸಿದ್ದ. ಈನಕ್ ಭೂತಗಾಜು ತೆಗೆದು ಮೊದಲು ಪತ್ರಿಕೆಯ ವಾಕ್ಯ ಓದಿದ, ಅದೂ ತಾನೇ ಹುಡುಕಿದ್ದು. ಆಮೇಲೆ ತನ್ನದು. ಓದುತ್ತ ಓದುತ್ತ ಬೆರಳು ಚುಕ್ಕೆಗಳ ಮೇಲೆ ಬಂದು ನಿಂತಿತು. ಅಲ್ಲೇ ಇತ್ತು, ಬಹಳ ಹೊತ್ತು. ಕ್ಲೆಗ್ ತನ್ನ ಜಾಗಕ್ಕೆ ಹೋದ.

ಈನಕ್ ತಲೆಯೆತ್ತಿ ಮಗಳನ್ನು ನೋಡಿದ. ಧ್ವನಿಯಿಲ್ಲದೆ, ತುಟಿಯಲ್ಲೇ ಹೇಳಿದ.

"ಸರಿಯಾಗೇ ಕತ್ತರಿಸಿದಾರೆ ಕಣೆ. ಮಧ್ಯದ್ದು ಬೇಕಿರಲಿಲ್ಲ. ಪದಕ್ಕೆ ಅದರಿಂದ ಏನೂ ಉಪಯೋಗ ಇಲ್ಲ."

"ಹೌದಪ್ಪ," ಎಂದಿತು ಸೆಲಿನಾಳ ತುಟಿ.

"ನಾನಾಗಿದ್ರೂ ಅಲ್ಲೇ ಕತ್ತರಿಸ್ತಿದ್ದೆ."

ಹಾಗೆ ಹೇಳಿದವನ ಗದ್ದ ನಡುಗುತ್ತಿತ್ತು. ತುಟಿ ಸರಿಯಾಗಿ ಕೂಡುತ್ತಿರಲಿಲ್ಲವಾದ್ದರಿಂದ ಆಮೇಲೆ ಅವನು ಹೇಳಿದ್ದೇನೆಂದು ಸೆಲಿನಾಗೆ ತಿಳಿಯಲಿಲ್ಲ. ಅವಳು ಇನ್ನೊಮ್ಮೆ ಹೇಳು ಎಂದು ಕೇಳಲೂ ಇಲ್ಲ. ಬಿಸ್ಕತ್ತಿನ ಪೊಟ್ಟಣವನ್ನು ಅವನ ಜೇಬಿಗೆ ಹಾಕಿ, ಜೇಬಿನ ಮೇಲೆ ಕೈಯಿಟ್ಟುಕೊಂಡು ಕೂತಳು.

ಗಂಟೆ ಬಾರಿಸಿ ಕ್ಲೆಗ್ ದೀಪಗಳನ್ನು ಒಂದೊಂದಾಗಿ ಆರಿಸತೊಡಗಿದ. ಇಬ್ಬರೂ ಮೆಟ್ಟಿಲವರೆಗೆ ಜೊತೆಗೆ ಬಂದರು. ಈನಕ್ ಇಳಿಜಾರಿನಲ್ಲಿ ತನ್ನ ಮನೆಯ ಕಡೆ ಹೋದ, ಸೆಲಿನಾ ಗುಡ್ಡ ಹತ್ತಿ ಮಿಸೆಸ್ ಹಾಲ್ರಾಯ್ಡ್‌ಳ ಮನೆಗೆ ಹೋದಳು.